ಮೇಘದ ಉಗ್ರಾಣವೂ ಮನೆಯ ಕಾಗದಪತ್ರಗಳೂ

ಮೇಘವೆಂದೊಡನೆ ನಮ್ಮ ಸೀಮೆಯ ಗೃಹಸ್ಥನು ಆಕಾಶದ ಕಡೆಗೆ ನೋಡುವನು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಈ ಐದು ತಾಲ್ಲೂಕುಗಳಲ್ಲಿ ಮಳೆಯನ್ನೇ ನಂಬಿದ ಹೊಲಗಳು ಬಹಳವಾದುದರಿಂದ, ಮೋಡ ಕಟ್ಟುವುದೂ ಕರಗುವುದೂ ಇಲ್ಲಿ ಮನೆವಾರ್ತೆಯ ವಿಷಯಗಳೇ ಆಗಿರುವುವು. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಕಾರ್ಣಿಕದ ನುಡಿಗೆ ಜನಸಮೂಹವು ಉಸಿರು ಬಿಗಿಹಿಡಿದು ಕಿವಿಗೊಡುವುದು ಸಹ ಬಹುಮಟ್ಟಿಗೆ ಮಳೆಬೆಳೆಗಳ ಚಿಂತೆಯಿಂದಲೇ. ಆದರೆ ಈಚೆಗೆ ಇದೇ ಹೆಸರಿನ ಮತ್ತೊಂದು ವಸ್ತುವು ಸದ್ದಿಲ್ಲದೆ ನಮ್ಮ ಮನೆಗಳನ್ನು ಹೊಕ್ಕಿರುವುದು. ಇದರಿಂದ ಮಳೆ ಬರುವುದಿಲ್ಲ. ನಮ್ಮ ಹೊಲದ ಪಹಣಿ, ಮಕ್ಕಳ ಅಂಕಪಟ್ಟಿ, ಮದುವೆಯ ಚಿತ್ರಗಳು, ಬ್ಯಾಂಕಿನ ಲೆಕ್ಕ ಮೊದಲಾದವುಗಳೆಲ್ಲ ಇದರ ಹೊಟ್ಟೆಯನ್ನು ಸೇರುತ್ತಲಿರುವುವು. ಇಂಗ್ಲಿಷಿನವರು ಇದನ್ನು ಕ್ಲೌಡ್ ಕಂಪ್ಯೂಟಿಂಗ್ ಎನ್ನುವರು. ಕನ್ನಡದಲ್ಲಿ ಮೇಘಗಣನೆ ಎನ್ನಬಹುದು.

ಪಹಣಿಗಾಗಿ ಕಚೇರಿಯ ಕಿಟಕಿಯ ಮುಂದೆ ನಿಂತವರು "ಸರ್ವರ್ ಇಲ್ಲ, ನಾಳೆ ಬನ್ನಿ" ಎಂಬ ಉತ್ತರವನ್ನು ಒಂದಿಲ್ಲೊಂದು ದಿನ ಕೇಳಿಯೇ ಇರುವರು. ಸರ್ವರ್ ಎಂಬುವನು ರಜೆಯ ಮೇಲೆ ಹೋದ ಯಾರೋ ಒಬ್ಬ ಗುಮಾಸ್ತನಿರಬೇಕೆಂದು ಒಬ್ಬ ಮುದುಕನು ಭಾವಿಸಿದರೆ ಅವನನ್ನು ಕಂಡು ನಗುವುದಕ್ಕೆ ಕಾರಣವಿಲ್ಲ. ಆ ಸರ್ವರ್ ಎಂಬುದು ಎಲ್ಲಿದೆ, ಏನು ಮಾಡುವುದು, ನಮ್ಮ ಊರಿನ ಹೊಲದ ಕಾಗದವು ಅದರ ಬಳಿಗೆ ಏಕೆ ಹೋಯಿತು ಎಂಬುದನ್ನು ಓದುಬರಹ ಬಲ್ಲವರಿಗೂ ಯಾರೂ ತಿಳಿಯಹೇಳಿದಂತಿಲ್ಲ. ಈ ವಿಷಯವನ್ನು ಗೃಹಸ್ಥರ ದೃಷ್ಟಿಯಿಂದ ವಿವರಿಸುವುದೇ ಈ ಲೇಖನದ ಉದ್ದೇಶ.

ಮೊದಲು ಹೆಸರಿನ ವಿಚಾರ. ತಂತಿ, ದೂರವಾಣಿ ಮತ್ತು ಗಣಕಯಂತ್ರಗಳ ಜಾಲವನ್ನು ಕಾಗದದ ಮೇಲೆ ಬರೆಯುವಾಗ, ಈ ತುದಿಯ ಯಂತ್ರಕ್ಕೂ ಆ ತುದಿಯ ಯಂತ್ರಕ್ಕೂ ನಡುವೆ ಇರುವ ಸಾವಿರಾರು ಕವಲುಗಳನ್ನೆಲ್ಲ ತೋರಿಸುವುದು ಅನವಶ್ಯಕವೆಂದು, ಶಿಲ್ಪಿಗಳು ಅಲ್ಲಿ ಒಂದು ಮೋಡದ ಆಕಾರವನ್ನು ಗೀಚಿ ಬಿಡುತ್ತಿದ್ದರು. "ಇದರೊಳಗೆ ಏನೋ ನಡೆಯುವುದು, ಅದು ನಮಗೆ ಬೇಡ" ಎಂಬುದು ಆ ಗುರುತಿನ ಅರ್ಥ. ಚಿತ್ರದಲ್ಲಿದ್ದ ಆ ಮೋಡವೇ ಕಾಲಕ್ರಮದಲ್ಲಿ ವಸ್ತುವಿನ ಹೆಸರಾಯಿತು. ಹೆಸರು ಮೋಡದ್ದಾದರೂ ವಸ್ತುವು ಭೂಮಿಯ ಮೇಲೆಯೇ ಇರುವುದು: ಭದ್ರವಾದ ಕಟ್ಟಡ, ಅದರೊಳಗೆ ಸಾಲುಸಾಲಾಗಿ ಕಪಾಟುಗಳು, ಕಪಾಟುಗಳಲ್ಲಿ ಎಡೆಬಿಡದೆ ಓಡುವ ಗಣಕಯಂತ್ರಗಳು, ಅವು ಕಾದುಹೋಗದಂತೆ ತಣಿಸುವ ಏರ್ಪಾಡು, ವಿದ್ಯುತ್ತು ನಿಂತರೆ ಕೂಡಲೇ ಎದ್ದು ನಿಲ್ಲುವ ಬ್ಯಾಟರಿಗಳು ಮತ್ತು ಡೀಸೆಲ್ ಯಂತ್ರಗಳು, ಬಾಗಿಲಲ್ಲಿ ಕಾವಲುಗಾರರು. ಇದಕ್ಕೆ ದತ್ತಾಂಶ ಕೇಂದ್ರವೆಂದು ಹೆಸರು. ಸರ್ವರ್ ಎಂಬುದು ಆ ಸಾಲಿನ ಒಂದು ಯಂತ್ರ.

ನಮ್ಮ ಹಿರಿಯರು ಜೋಳವನ್ನು ಕಾಪಾಡುತ್ತಿದ್ದ ಬಗೆಯನ್ನು ನೆನೆದರೆ ಇದರ ಮರ್ಮವು ಬೇಗನೆ ಹೊಳೆಯುವುದು. ಅನುಕೂಲಸ್ಥರ ಮನೆಗೆ ಒಂದೊಂದು ಹಗೇವು ಇರುತ್ತಿತ್ತು. ಅದನ್ನು ತೋಡಿಸುವುದು, ಒಳಗೆ ಹುಲ್ಲು ಹೊದಿಸುವುದು, ನೀರು ಇಳಿಯದಂತೆ ಬಾಯಿ ಮುಚ್ಚುವುದು ಎಲ್ಲವೂ ಮನೆಯವರದೇ ಹೊಣೆ. ಹಗೇವು ಚಿಕ್ಕದಾದರೆ ಸುಗ್ಗಿಯ ವರ್ಷ ಧಾನ್ಯವು ಹೊರಗುಳಿಯುವುದು; ದೊಡ್ಡದಾದರೆ ಬರದ ವರ್ಷ ಬರಿದಾಗಿ ಬಿದ್ದಿರುವುದು. ಈಗ ಮಾರುಕಟ್ಟೆಯ ಊರುಗಳಲ್ಲಿ ಗೋದಾಮುಗಳಾಗಿವೆ. ಎಷ್ಟು ಚೀಲ, ಎಷ್ಟು ತಿಂಗಳು, ಅಷ್ಟಕ್ಕೆ ಬಾಡಿಗೆ. ಗಣಕಯಂತ್ರದ ವಿಷಯದಲ್ಲಿಯೂ ಹಾಗೆಯೇ ಆಯಿತು. ಮೊದಲು ಪ್ರತಿಯೊಂದು ಕಚೇರಿಯೂ ಬ್ಯಾಂಕೂ ಕಾರ್ಖಾನೆಯೂ ತನ್ನ ಯಂತ್ರವನ್ನು ತಾನೇ ಕೊಂಡು, ತಾನೇ ಕಾದು, ಕೆಟ್ಟರೆ ತಾನೇ ರಿಪೇರಿ ಮಾಡಿಸಬೇಕಾಗಿತ್ತು. ಈಗ ದೂರದ ಒಂದು ದೊಡ್ಡ ಕೇಂದ್ರದಲ್ಲಿ ಬೇಕಾದಷ್ಟು ಸ್ಥಳವನ್ನೂ ಬೇಕಾದಷ್ಟು ಗಣನಶಕ್ತಿಯನ್ನೂ ಬಾಡಿಗೆಗೆ ಪಡೆದು, ಬಳಸಿದಷ್ಟಕ್ಕೆ ಹಣ ತೆತ್ತರೆ ಸಾಕು.

ಹೋಲಿಕೆಯು ಎಲ್ಲಿಯವರೆಗೆ ಸಲ್ಲುವುದೆಂಬುದನ್ನೂ ನೋಡತಕ್ಕದ್ದು. ಗೋದಾಮಿನಲ್ಲಿ ನಾವಿಟ್ಟ ಜೋಳದ ಕಾಳುಗಳೇ ನಮಗೆ ಹಿಂದಿರುಗಬೇಕೆಂದಿಲ್ಲ. ಅದೇ ತೂಕದ, ಅದೇ ಗುಣದ ಜೋಳ ಬಂದರೆ ಆಯಿತು. ಕಾಗದಪತ್ರದ ವಿಷಯದಲ್ಲಿ ಹಾಗಲ್ಲ. ಒಂದು ಅಕ್ಷರವೂ ವ್ಯತ್ಯಾಸವಾಗಕೂಡದು. ಮೇಲಾಗಿ, ಜೋಳದ ಚೀಲವನ್ನು ಮನೆಗೆ ತಂದರೆ ಗೋದಾಮಿನಲ್ಲಿ ಏನೂ ಉಳಿಯುವುದಿಲ್ಲ. ಮೇಘದಿಂದ ಪತ್ರವನ್ನು ತಂದರೆ ಅಲ್ಲಿಯೂ ಅದು ಇದ್ದೇ ಇರುವುದು. ಈ ಎರಡನೆಯ ಭೇದದಲ್ಲಿಯೇ ಮೇಘದ ಪ್ರಯೋಜನವೂ ಅಪಾಯವೂ ಅಡಗಿರುವುವು. ಪ್ರಯೋಜನವೇನೆಂದರೆ, ಒಂದೇ ಬರಹವನ್ನು ಎರಡು ಮೂರು ಯಂತ್ರಗಳಲ್ಲಿ, ಸಾಧ್ಯವಾದರೆ ಬೇರೆ ಬೇರೆ ಊರುಗಳಲ್ಲಿ ಬರೆದಿಟ್ಟು, ಒಂದು ಕೆಟ್ಟರೆ ಇನ್ನೊಂದರಿಂದ ತುಂಬಿಕೊಳ್ಳುವರು. ಅಪಾಯವನ್ನು ಮುಂದೆ ಹೇಳುವೆವು.

ಒಂದೇ ದೊಡ್ಡ ಯಂತ್ರವನ್ನು ಹಲವು ಬಾಡಿಗೆದಾರರು ಬಳಸಿದರೂ ಒಬ್ಬನ ಲೆಕ್ಕವು ಮತ್ತೊಬ್ಬನ ಕಣ್ಣಿಗೆ ಬೀಳದಂತೆ, ಯಂತ್ರದೊಳಗೆ ಮಿಥ್ಯಾಯಂತ್ರಗಳನ್ನು ಕಲ್ಪಿಸುವ ಯುಕ್ತಿಯು 1960ರ ದಶಕದಲ್ಲಿಯೇ ಅಮೆರಿಕದಲ್ಲಿ ಸಿದ್ಧವಾಗಿತ್ತು. ನೀರು, ವಿದ್ಯುಚ್ಛಕ್ತಿಗಳಂತೆ ಗಣನಶಕ್ತಿಯೂ ಒಂದು ದಿನ ಸಾರ್ವಜನಿಕವಾಗಿ ಒದಗುವುದೆಂದು ಜಾನ್ ಮೆಕಾರ್ಥಿ ಎಂಬ ಪಂಡಿತನು 1961ರಲ್ಲಿಯೇ ಹೇಳಿದ್ದನು. ಅದು ವ್ಯಾಪಾರದ ರೂಪವನ್ನು ತಾಳಲು ನಾಲ್ಕೂವರೆ ದಶಕಗಳು ಹಿಡಿದುವು. 2006ರಲ್ಲಿ ಅಮೆಜಾನ್ ಕಂಪನಿಯು ತನ್ನ ಯಂತ್ರಗಳಲ್ಲಿ ಮೊದಲು ಸ್ಥಳವನ್ನೂ ಬಳಿಕ ಗಣನಶಕ್ತಿಯನ್ನೂ ಯಾರಿಗಾದರೂ ಬಾಡಿಗೆಗೆ ಕೊಡಲಾರಂಭಿಸಿತು; ಗೂಗಲ್, ಮೈಕ್ರೋಸಾಫ್ಟ್ ಮೊದಲಾದವು ಹಿಂಬಾಲಿಸಿದುವು. ಭಾರತ ಸರ್ಕಾರವು ತನ್ನ ಇಲಾಖೆಗಳಿಗೋಸ್ಕರ 2014ರಲ್ಲಿ ಆರಂಭಿಸಿದ ಇಂಥದೇ ಏರ್ಪಾಡಿಗೆ ಮೇಘರಾಜವೆಂದು ಹೆಸರಿಟ್ಟಿತು. ಹೆಸರು ಸೊಗಸಾಗಿದೆಯೆಂಬುದನ್ನು ಒಪ್ಪಲೇಬೇಕು.

ಬಾಡಿಗೆಯ ಪದ್ಧತಿಯಿಂದ ಏನು ಲಾಭವೆಂಬುದಕ್ಕೆ ಕೊಟ್ಟೂರಿನ ರಥೋತ್ಸವಕ್ಕಿಂತ ಒಳ್ಳೆಯ ದೃಷ್ಟಾಂತವು ದೊರೆಯದು. ಕೊಟ್ಟೂರೇಶ್ವರನ ತೇರಿನ ದಿನಗಳಲ್ಲಿ ಪಾದಯಾತ್ರಿಕರೂ ಸೇರಿ ಊರಿಗೆ ಬರುವ ಜನಕ್ಕೆ ಲೆಕ್ಕವಿಲ್ಲ. ಅದಕ್ಕೆಂದು ವರ್ಷವೆಲ್ಲ ನಿಲ್ಲುವ ಛತ್ರಗಳನ್ನೂ ಅಂಗಡಿಗಳನ್ನೂ ಕಲ್ಲುಗಾರೆಯಿಂದ ಕಟ್ಟಿಸುವ ಬುದ್ಧಿಗೇಡಿಯು ಯಾವನೂ ಇಲ್ಲ. ಚಪ್ಪರಗಳು ಏಳುವುವು, ಜಾತ್ರೆ ಮುಗಿದೊಡನೆ ಇಳಿಯುವುವು. ಪರೀಕ್ಷೆಯ ಫಲಿತಾಂಶ ಪ್ರಕಟವಾಗುವ ದಿನ ಲಕ್ಷಾಂತರ ಮಕ್ಕಳು ಒಂದೇ ಗಳಿಗೆಯಲ್ಲಿ ಒಂದೇ ಬಾಗಿಲನ್ನು ತಟ್ಟುವರು. ಮರುವಾರ ಅಲ್ಲಿ ಯಾರೂ ಇರುವುದಿಲ್ಲ. ಮೇಘದಲ್ಲಿ ಆ ದಿನಕ್ಕೆ ಮಾತ್ರ ಹೆಚ್ಚು ಯಂತ್ರಗಳನ್ನು ಹೂಡಿ, ಸಂದಣಿ ಕರಗಿದ ಮೇಲೆ ಬಿಟ್ಟುಬಿಡಬಹುದು. ಕೋವಿಡ್ ಜಾಡ್ಯದ ಕಾಲದಲ್ಲಿ ಲಸಿಕೆಯ ಲೆಕ್ಕವನ್ನಿಟ್ಟ ಕೋವಿನ್ ಎಂಬ ಏರ್ಪಾಡು ಈ ಬಗೆಯದು. 2021ರ ಸೆಪ್ಟೆಂಬರ್ 17ರಂದು ಒಂದೇ ದಿನದಲ್ಲಿ ದೇಶದಲ್ಲಿ ಸುಮಾರು 2.5 ಕೋಟಿ ಲಸಿಕೆಗಳನ್ನು ಹಾಕಿದರು. ಕೂಡ್ಲಿಗಿಯ ಆಸ್ಪತ್ರೆಯಲ್ಲಿ ಚುಚ್ಚಿಸಿಕೊಂಡವನೂ ದೆಹಲಿಯಲ್ಲಿ ಚುಚ್ಚಿಸಿಕೊಂಡವನೂ ಒಂದೇ ಪುಸ್ತಕದಲ್ಲಿ ನಮೂದಾಗಿ, ಇಬ್ಬರಿಗೂ ಒಂದೇ ಬಗೆಯ ಪ್ರಮಾಣಪತ್ರವು ಬಂದಿತು. ಅಷ್ಟನ್ನೂ ತಾಲ್ಲೂಕು ತಾಲ್ಲೂಕಿನ ರಿಜಿಸ್ಟರುಗಳಲ್ಲಿ ಬರೆದಿದ್ದರೆ ಗತಿಯೇನಾಗುತ್ತಿದ್ದಿತೆಂಬುದನ್ನು ವಾಚಕರೇ ಊಹಿಸಬಹುದು.

ಇಷ್ಟು ಪೀಠಿಕೆ ಸಾಕು. ನಮ್ಮ ಕಡೆಯ ಗೃಹಸ್ಥನಿಗೆ ಎಲ್ಲಕ್ಕಿಂತ ಮುಖ್ಯವಾದ ಕಾಗದವು ಹೊಲದ ಕಾಗದ. ಅದರ ಚರಿತ್ರೆಯನ್ನು ಸ್ವಲ್ಪ ನೋಡೋಣ.

ಈ ಪ್ರಾಂತವು 1800ರಲ್ಲಿ ನಿಜಾಮನಿಂದ ಕಂಪನಿ ಸರ್ಕಾರಕ್ಕೆ ಬಂದು ದತ್ತಮಂಡಲವೆನ್ನಿಸಿಕೊಂಡಿತು. ಅದೇ ವರ್ಷದಿಂದ 1807ರವರೆಗೆ ಇಲ್ಲಿಯ ಕಲೆಕ್ಟರನಾಗಿದ್ದ ಥಾಮಸ್ ಮನ್ರೋ ಹೊಲಹೊಲವನ್ನೂ ಅಳೆಯಿಸಿ, ರೈತನ ಹೆಸರಿನಲ್ಲಿಯೇ ಕಂದಾಯವನ್ನು ಗೊತ್ತುಪಡಿಸುವ ರೈತವಾರಿ ಪದ್ಧತಿಯನ್ನು ಇಲ್ಲಿ ನಡೆಯಿಸಿದನು. ಅಂದಿನಿಂದ ಹೊಲದ ವಿವರವು ಗ್ರಾಮದ ಕರಣಂನ ಲೆಕ್ಕಪುಸ್ತಕದಲ್ಲಿ ಇರುತ್ತಿತ್ತು. 1953ರ ಅಕ್ಟೋಬರ್ 1ರಂದು ಈ ತಾಲ್ಲೂಕುಗಳು ಮದರಾಸು ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಬಂದುವು. 1963ರಲ್ಲಿ ವಂಶಪಾರಂಪರ್ಯದ ಗ್ರಾಮಾಧಿಕಾರಗಳು ರದ್ದಾಗಿ, ಕರಣಂನ ಸ್ಥಾನಕ್ಕೆ ಸಂಬಳದ ಗ್ರಾಮ ಲೆಕ್ಕಿಗನು ಬಂದನು. ಆಳುವವರು ಎಷ್ಟು ಸಾರಿ ಬದಲಾದರೂ ಒಂದು ಮಾತು ಮಾತ್ರ ಬದಲಾಗಲಿಲ್ಲ. ಪುಸ್ತಕವು ಯಾರ ಕೈಯಲ್ಲಿ ಇರುತ್ತಿತ್ತೋ ಹೊಲದ ವೃತ್ತಾಂತವು ಅವನ ಕೈಯಲ್ಲಿ ಇರುತ್ತಿತ್ತು. ಪಹಣಿ ಬೇಕಾದವನು ಅವನನ್ನು ಹುಡುಕಿಕೊಂಡು ಹೋಗಬೇಕು, ಅವನ ಬಿಡುವನ್ನು ಕಾಯಬೇಕು, ಮತ್ತು ಸಾಮಾನ್ಯವಾಗಿ ಬರಿಗೈಯಲ್ಲಿ ಹೋಗಕೂಡದು. ಪುಸ್ತಕದಲ್ಲಿ ಒಂದು ಹೆಸರನ್ನು ಹೊಡೆದು ಇನ್ನೊಂದನ್ನು ಬರೆದರೆ ಬಡವನು ಅದನ್ನು ಅರಿಯುವಷ್ಟರಲ್ಲಿ ವರ್ಷಗಳು ಕಳೆದಿರುತ್ತಿದ್ದುವು. ಗೆದ್ದಲು, ಸೋರುವ ಮಾಡು, ಇಲಿಗಳ ಮಾತು ಬೇರೆ.

ಇದನ್ನು ಬದಲಾಯಿಸಿದುದು ಕರ್ಣಾಟಕದ ಭೂಮಿ ಯೋಜನೆ. 2000ದಿಂದ ಮೊದಲುಗೊಂಡು ಎರಡು ಮೂರು ವರ್ಷಗಳಲ್ಲಿ ಆಗಿನ 176 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳನ್ನು, 67 ಲಕ್ಷ ಹಿಡುವಳಿದಾರರ ಹೆಸರುಗಳೊಡನೆ, ಗಣಕಯಂತ್ರಕ್ಕೆ ಏರಿಸಲಾಯಿತು. ಕೈಬರಹದ ಪಹಣಿಗೆ ಮಾನ್ಯತೆ ತಪ್ಪಿತು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟವನಿಗೆ ಅಚ್ಚಾದ ಪ್ರತಿಯು ದೊರೆಯಿತು. ನಮೂದನ್ನು ಬದಲಾಯಿಸಬೇಕಾದ ಅಧಿಕಾರಿಯು ತನ್ನ ಬೆರಳ ಗುರುತನ್ನು ಯಂತ್ರಕ್ಕೆ ಒತ್ತಬೇಕಾದುದರಿಂದ, "ಅದನ್ನು ನಾನು ಮಾಡಲಿಲ್ಲ" ಎನ್ನುವುದಕ್ಕೆ ಅವನಿಗೆ ಎಡೆಯಿಲ್ಲವಾಯಿತು. ಆದರೆ ಆರಂಭದಲ್ಲಿ ಆ ಯಂತ್ರಗಳು ಆಯಾ ತಾಲ್ಲೂಕಿನ ಕಚೇರಿಯಲ್ಲಿಯೇ ಇದ್ದುವು; ಅಂದರೆ, ಹಗೇವು ಮಣ್ಣಿನದು ಹೋಗಿ ಕಬ್ಬಿಣದ್ದಾಯಿತೇ ಹೊರತು ಗೋದಾಮಾಗಲಿಲ್ಲ. ತರುವಾಯ ಎಲ್ಲ ತಾಲ್ಲೂಕುಗಳ ದಾಖಲೆಗಳನ್ನೂ ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರಕ್ಕೆ ಒಯ್ದು ಒಂದುಗೂಡಿಸಿದರು. ಸರ್ಕಾರದ ಸ್ವಂತ ಕೇಂದ್ರವನ್ನು ಮೇಘವೆನ್ನಬಹುದೇ, ಬಾಡಿಗೆಯದಾದರೆ ಮಾತ್ರ ಮೇಘವೇ ಎಂದು ಶಾಸ್ತ್ರಜ್ಞರು ವಾದಿಸುವುದುಂಟು. ಕಿಟಕಿಯ ಮುಂದೆ ನಿಂತ ರೈತನಿಗೆ ಆ ವಾದದಿಂದ ಆಗಬೇಕಾದುದೇನೂ ಇಲ್ಲ. ಅವನ ಪಾಲಿಗೆ ಎರಡೂ ದೂರದ ಉಗ್ರಾಣವೇ.

ಈ ಬದಲಾವಣೆಯ ತಿರುಳು ಏನೆಂಬುದನ್ನು ಹರಪನಹಳ್ಳಿಯಷ್ಟು ಚೆನ್ನಾಗಿ ತೋರಿಸುವ ತಾಲ್ಲೂಕು ಬೇರೊಂದಿಲ್ಲ. ಅದು ಬಹುಕಾಲ ಬಳ್ಳಾರಿ ಜಿಲ್ಲೆಯಲ್ಲಿದ್ದಿತು. 1997ರಲ್ಲಿ ಹೊಸದಾಗಿ ಹುಟ್ಟಿದ ದಾವಣಗೆರೆ ಜಿಲ್ಲೆಗೆ ಸೇರಿತು. 2018ರಲ್ಲಿ ಮರಳಿ ಬಳ್ಳಾರಿಗೆ ಬಂದಿತು. 2021ರಲ್ಲಿ ವಿಜಯನಗರ ಜಿಲ್ಲೆಯಾದಾಗ ಅದಕ್ಕೆ ಹೋಯಿತು. ಕಾಲು ಶತಮಾನದೊಳಗೆ ಮೂರು ಸಲ ಜಿಲ್ಲೆ ಬದಲಾಯಿತು. ಹೊಲಗಳು ಮಾತ್ರ ಇದ್ದಲ್ಲಿಯೇ ಇದ್ದುವು. ಕೊಟ್ಟೂರಿನ ಕಥೆ ಇನ್ನೊಂದು ಬಗೆಯದು: ಕೂಡ್ಲಿಗಿ ತಾಲ್ಲೂಕಿನಲ್ಲಿದ್ದ ಅದು 2018ರಲ್ಲಿ ತಾನೇ ಒಂದು ತಾಲ್ಲೂಕಾಯಿತು. ಈಗ ಹೊಸಪೇಟೆಯೊಂದನ್ನು ಬಿಟ್ಟರೆ ವಿಜಯನಗರ ಜಿಲ್ಲೆಯೆಂದರೆ ಈ ಲೇಖನದ ಐದು ತಾಲ್ಲೂಕುಗಳೇ.

ಒಂದು ತಾಲ್ಲೂಕು ಒಡೆದು ಎರಡಾದರೆ, ಒಂದು ಜಿಲ್ಲೆಯಿಂದ ಇನ್ನೊಂದಕ್ಕೆ ಹೋದರೆ, ಕಾಗದದ ಕಾಲದಲ್ಲಿ ದಫ್ತರವನ್ನೂ ಹಂಚಬೇಕು. ಇಂಥ ಹಳ್ಳಿಯ ಪುಸ್ತಕ ಇತ್ತ, ಅಂಥ ಹಳ್ಳಿಯದು ಅತ್ತ ಎಂದು ಕಟ್ಟು ಬಿಚ್ಚಿ, ಗಂಟು ಕಟ್ಟಿ, ಗಾಡಿಗೆ ಹೇರಬೇಕು. ದಾಯಾದಿಗಳ ಪಾಲುಪಟ್ಟಿಯಲ್ಲಿ ಒಂದೆರಡು ಪಾತ್ರೆಗಳು ಯಾರಿಗೂ ಸೇರದೆ ಮಾಯವಾಗುವಂತೆ, ಇಂಥ ಹಂಚಿಕೆಯಲ್ಲಿ ಒಂದೆರಡು ಕಟ್ಟುಗಳು ಮಾಯವಾಗುವುದು ಸಹಜ. "ನಿಮ್ಮ ಕಡತ ಹಳೆಯ ಜಿಲ್ಲೆಯಲ್ಲಿದೆ" ಎಂದು ಇಲ್ಲಿಯವರೂ, "ಅದನ್ನು ಆಗಲೇ ಕಳಿಸಿಕೊಟ್ಟೆವು" ಎಂದು ಅಲ್ಲಿಯವರೂ ಹೇಳುವ ಮಾತನ್ನು ಕೇಳದವರು ಕಡಿಮೆ. ಒಂದೇ ಉಗ್ರಾಣದಲ್ಲಿರುವ ಪಹಣಿಗೆ ಈ ಗೋಳಿಲ್ಲ. ಹೊಲದ ಸರ್ವೆ ನಂಬರಿನ ಮುಂದೆ ಬರೆದಿರುವ ತಾಲ್ಲೂಕು, ಜಿಲ್ಲೆಗಳ ಹೆಸರನ್ನು ಬದಲಾಯಿಸಿದರೆ ಸಾಕು. ಬರಹವು ಒಂದಂಗುಲವೂ ಅಲುಗಬೇಕಾಗಿಲ್ಲ. ಪುಸ್ತಕವು ಇರುವ ಸ್ಥಳ ಒಂದು, ಅದರ ಮೇಲೆ ಅಧಿಕಾರವುಳ್ಳ ಕಚೇರಿ ಮತ್ತೊಂದು ಎಂಬ ಸ್ಥಿತಿಯು ಮನ್ರೋವಿನ ಕಾಲದಿಂದ ಇಲ್ಲಿಯವರೆಗೆ ಎಂದೂ ಇದ್ದಿಲ್ಲ. ಮೇಘದಿಂದ ನಮಗಾದ ಉಪಕಾರಗಳಲ್ಲಿ ಇದನ್ನೇ ಮೊದಲನೆಯದೆಂದು ನಾವು ಎಣಿಸುವೆವು. ಖರ್ಚು ಕಡಿಮೆಯಾಯಿತು, ವೇಗ ಹೆಚ್ಚಿತು ಎಂಬ ಸ್ತುತಿಗಳೆಲ್ಲ ಆಮೇಲಿನವು. ತುಂಗಭದ್ರೆಗೆ ಅಣೆಕಟ್ಟು ಕಟ್ಟಿದಾಗ ನಾರಾಯಣದೇವರಕೆರೆಯಂಥ ಊರುಗಳೇ ನೀರಿನಲ್ಲಿ ಮುಳುಗಿ, ಅಲ್ಲಿಯವರು ಗಂಟುಮೂಟೆಗಳೊಡನೆ ಬೇರೆಡೆಗೆ ಬಂದು ನೆಲೆಸಿದರು. ಆಗ ಪೆಟ್ಟಿಗೆಯಲ್ಲಿ ತಂದ ಕಾಗದವೇ ಅವರ ಸರ್ವಸ್ವದ ಸಾಕ್ಷಿಯಾಗಿದ್ದಿತು.

ಪಹಣಿಯ ಮೇಲೆ ಇನ್ನೂ ಅನೇಕ ಕೆಲಸಗಳು ಈಗ ಹೆಣೆದುಕೊಂಡಿರುವುವು. 2020ರಿಂದ ರೈತನು ತಾನೇ ತನ್ನ ಹೊಲದಲ್ಲಿ ನಿಂತು, ಬೆಳೆ ಸಮೀಕ್ಷೆಯ ಆಪಿನಲ್ಲಿ ಮೆಕ್ಕೆಜೋಳವೋ ಶೇಂಗಾವೋ ಸಜ್ಜೆಯೋ ಎಂಬುದನ್ನು ನಮೂದಿಸಿ, ಮೊಬೈಲಿನಿಂದ ಚಿತ್ರ ತೆಗೆದು ಕಳಿಸಬಹುದಾಗಿದೆ. ಅವನು ನಿಂತ ಜಾಗವನ್ನು ಮೊಬೈಲು ಉಪಗ್ರಹಗಳ ನೆರವಿನಿಂದ ಗುರುತಿಸುವುದರಿಂದ, ಮನೆಯ ಜಗಲಿಯ ಮೇಲೆ ಕುಳಿತು ಹೊಲದ ಚಿತ್ರ ತೆಗೆಯಲಾಗದು. ಆ ನಮೂದು ದೂರದ ಉಗ್ರಾಣವನ್ನು ಸೇರಿ, ಬೆಳೆ ವಿಮೆಗೂ ಬರಪರಿಹಾರಕ್ಕೂ ಬೆಂಬಲ ಬೆಲೆಯ ಖರೀದಿಗೂ ಆಧಾರವಾಗುವುದು. ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳದೆ ಮುಂದುವರಿಯಲಾಗದು. ವಿಮೆಯ ಅರ್ಜಿಯಲ್ಲಿ ಶೇಂಗಾ ಎಂದೂ ಸಮೀಕ್ಷೆಯಲ್ಲಿ ಮೆಕ್ಕೆಜೋಳ ಎಂದೂ ಇದ್ದರೆ, ಕಂತು ಕಟ್ಟಿದ ರೈತನಿಗೆ ಹಣ ಬರುವುದು ಸಂದೇಹ. ಮೊದಲಾಗಿದ್ದರೆ ಗ್ರಾಮದವನೇ ಆದ ಲೆಕ್ಕಿಗನಿಗೆ "ಬಿತ್ತಿದ್ದು ಇದು, ನೀನೇ ನೋಡಿದ್ದೀಯಲ್ಲಪ್ಪ" ಎನ್ನಬಹುದಾಗಿತ್ತು. ಉಗ್ರಾಣಕ್ಕೆ ಕಣ್ಣಿಲ್ಲ. ಅದು ಎರಡು ಪದಗಳನ್ನು ಹೋಲಿಸಿ ನೋಡುವುದು, ಹೊಂದಲಿಲ್ಲವೆಂದರೆ ಹೊಂದಲಿಲ್ಲ. ಆದುದರಿಂದ ಸಮೀಕ್ಷೆಯ ಚಿತ್ರವನ್ನು ಬೇರೊಬ್ಬ ಹುಡುಗನು ತೆಗೆದು ಹೋದ ಪಕ್ಷದಲ್ಲಿ, ಏನು ನಮೂದಾಯಿತೆಂಬುದನ್ನು ಹೊಲದವನು ಆಕ್ಷೇಪಣೆಗೆ ಅವಕಾಶವಿರುವ ದಿನಗಳೊಳಗಾಗಿಯೇ ನೋಡಿಕೊಳ್ಳತಕ್ಕದ್ದು.

ಇದೇ ಮಾತನ್ನು ಸ್ವಲ್ಪ ವಿಸ್ತರಿಸಬೇಕಾಗಿದೆ. ಮೇಘವು ಬರಹವನ್ನು ಕಾಪಾಡಬಲ್ಲುದೇ ವಿನಾ ತಿದ್ದಲಾರದು. ಭೂಮಿ ಯೋಜನೆಯಲ್ಲಿ ಪುಸ್ತಕದಲ್ಲಿದ್ದುದನ್ನು ಇದ್ದಂತೆ ಯಂತ್ರಕ್ಕೆ ಏರಿಸಿದರು. ಕರಣಂನ ಕಾಲದ ತಪ್ಪುಗಳೂ ಏರಿದುವು. ತೀರಿಕೊಂಡು ದಶಕಗಳಾದ ತಾತನ ಹೆಸರಿನಲ್ಲಿಯೇ ಇಂದಿಗೂ ಎಷ್ಟೋ ಹೊಲಗಳು ಇರುವುವು. ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಬದು ಹಾಕಿಕೊಂಡು ಉಳುತ್ತಿರುವರು, ಮಗಳ ಪಾಲಿನ ವಿಷಯವನ್ನು ಎತ್ತಿದರೆ ಮನಸ್ತಾಪವಾದೀತೆಂದು ಎಲ್ಲರೂ ಸುಮ್ಮನಿರುವರು, ಪೌತಿ ಖಾತೆಗೆ ಅರ್ಜಿ ಹಾಕುವ ಕೆಲಸವು ಹಬ್ಬದಿಂದ ಹಬ್ಬಕ್ಕೆ ಮುಂದೆ ಹೋಗುತ್ತಿರುವುದು. ಸಾಲಕ್ಕೋ ವಿಮೆಗೋ ಪರಿಹಾರಕ್ಕೋ ಹೋದಾಗ ತಾತನ ಹೆಸರಿಗೂ ಮೊಮ್ಮಗನ ಆಧಾರಿಗೂ ಹೊಂದಾಣಿಕೆ ಇಲ್ಲವೆಂದು ತಿಳಿದುಬರುವುದು. ಇದು ಮೇಘದ ದೋಷವಲ್ಲ. ನಮ್ಮ ಮನೆಯೊಳಗಿನ ಮಾತುಕತೆಯ ದೋಷ. ಭೂಕಂದಾಯ ಕಾಯಿದೆಯ ಪ್ರಕಾರ ಪಹಣಿಯ ನಮೂದನ್ನು, ವಿರುದ್ಧವಾದುದು ರುಜುವಾತಾಗುವವರೆಗೆ, ನಿಜವೆಂದೇ ಭಾವಿಸತಕ್ಕದ್ದು. ತಪ್ಪು ನಮೂದು ಎಷ್ಟು ಚೆನ್ನಾಗಿ ಕಾಪಾಡಲ್ಪಟ್ಟಿತೋ ಅಷ್ಟರಮಟ್ಟಿಗೆ ಅದನ್ನು ಅಲ್ಲಗಳೆಯುವುದು ಕಷ್ಟ.

ಇನ್ನು ಅಪಾಯಗಳ ವಿಷಯ. ಎಲ್ಲರ ಕಾಗದವೂ ಒಂದೆಡೆ ಸೇರಿದರೆ, ಆ ಒಂದೆಡೆಗೆ ಕೇಡು ಬಂದಾಗ ಎಲ್ಲರಿಗೂ ಬಂದಂತೆಯೇ ಸರಿ. ದಕ್ಷಿಣ ಕೊರಿಯಾ ದೇಶವು ಈ ವಿದ್ಯೆಯಲ್ಲಿ ನಮಗಿಂತ ಬಹಳ ಮುಂದುವರಿದುದು. ಅಲ್ಲಿಯ ಡೇಜಾನ್ ಎಂಬ ನಗರದ ಸರ್ಕಾರಿ ದತ್ತಾಂಶ ಕೇಂದ್ರದಲ್ಲಿ 2025ರ ಸೆಪ್ಟೆಂಬರ್ 26ರಂದು ಬ್ಯಾಟರಿಗಳಿಗೆ ಬೆಂಕಿ ಹತ್ತಿ, 600ಕ್ಕೂ ಮಿಕ್ಕ ಸರ್ಕಾರಿ ಸೇವೆಗಳು ಒಮ್ಮೆಗೇ ನಿಂತುಹೋದುವು. ಅದಕ್ಕಿಂತ ಘೋರವಾದುದೇನೆಂದರೆ, ಸರ್ಕಾರಿ ನೌಕರರು ತಮ್ಮ ಕೆಲಸದ ಕಡತಗಳನ್ನು ಇಡುತ್ತಿದ್ದ ಒಂದು ಉಗ್ರಾಣಕ್ಕೆ ಬೇರೆಡೆಯಲ್ಲಿ ನಕಲೇ ಇರಲಿಲ್ಲ. 858 ಟೆರಾಬೈಟಿನಷ್ಟು ಬರಹವು ಸುಟ್ಟುಹೋಯಿತು. ಎರಡು ಮೂರು ಊರುಗಳಲ್ಲಿ ಪ್ರತಿ ಇರಬೇಕೆಂಬ ನಿಯಮವನ್ನು ನಾವು ಮೇಲೆ ಹೇಳಿದೆವಷ್ಟೆ. ನಿಯಮವಿದ್ದರೆ ಸಾಲದು, ನಡೆಯಿಸಿರಬೇಕು. ನಮ್ಮ ರಾಜ್ಯದಲ್ಲಿಯೂ 2025ರ ಜನವರಿ, ಫೆಬ್ರುವರಿಗಳಲ್ಲಿ, ಆಸ್ತಿ ನೋಂದಣಿಯ ಕಾವೇರಿ ಜಾಲತಾಣಕ್ಕೆ ದುಷ್ಟರು ಯಂತ್ರಗಳ ಮೂಲಕ ಸುಳ್ಳು ಬೇಡಿಕೆಗಳ ಪ್ರವಾಹವನ್ನೇ ಹರಿಯಿಸಿದರು. ಬಾಗಿಲಲ್ಲಿ ಬಾಡಿಗೆಯ ಗುಂಪು ನಿಂತರೆ ನಿಜವಾದ ಗಿರಾಕಿಯು ಒಳಗೆ ಹೋಗಲಾರನಷ್ಟೆ. ಕಡತಗಳು ಸುಡಲಿಲ್ಲವಾದರೂ, ರಾಜ್ಯದ ಉದ್ದಗಲಕ್ಕೂ ಉಪನೋಂದಣಿ ಕಚೇರಿಗಳಲ್ಲಿ ಕ್ರಯಪತ್ರಕ್ಕಾಗಿ ಬಂದವರು ಕೈಕಟ್ಟಿ ಕೂಡಬೇಕಾಯಿತು. ಹಳೆಯ ಕಾಲದಲ್ಲಿ ಒಂದು ಕಚೇರಿಯ ಬೀಗದ ಕೈ ಕಳೆದರೆ ಒಂದು ಕಚೇರಿ ಮಾತ್ರ ನಿಲ್ಲುತ್ತಿತ್ತು.

"ಸರ್ವರ್ ಇಲ್ಲ" ಎಂಬ ಮಾತನ್ನು ಈಗ ಬಿಡಿಸಿ ನೋಡಬಹುದು. ಬಹಳ ವೇಳೆ ಸರ್ವರು ಇದ್ದೇ ಇರುವುದು. ಅದರ ಬಳಿಗೆ ಹೋಗುವ ದಾರಿ ಇರುವುದಿಲ್ಲ. ರಸ್ತೆಯ ಕೆಲಸದವರು ತಂತಿಯನ್ನು ಕಡಿದಿರಬಹುದು, ಊರಿನಲ್ಲಿ ವಿದ್ಯುತ್ತು ಹೋಗಿರಬಹುದು, ಬೆಟ್ಟದ ಮರೆಯ ಹಳ್ಳಿಯಲ್ಲಿ ಮೊಬೈಲಿನ ಅಲೆ ಮುಟ್ಟದಿರಬಹುದು. ಉಗ್ರಾಣವು ಎಷ್ಟೇ ಭದ್ರವಾಗಿರಲಿ, ಗಾಡಿಯ ದಾರಿ ಕೆಟ್ಟರೆ ಜೋಳವು ಮನೆಗೆ ಬಾರದು. ಮೇಘದ ಮಹಿಮೆಯನ್ನು ಪಟ್ಟಣದಲ್ಲಿ ಕುಳಿತು ಬರೆಯುವವರು ಈ ದಾರಿಯ ವಿಚಾರವನ್ನು ಮರೆಯುವುದುಂಟು. ಗುಡೇಕೋಟೆಯ ಸುತ್ತಿನ ಹಳ್ಳಿಯವನಿಗೆ ಅದೇ ಮುಖ್ಯ. ಹೋಬಳಿಯ ನಾಡಕಚೇರಿಗಳಲ್ಲಿ ಅಟಲ್‌ಜೀ ಜನಸ್ನೇಹಿ ಕೇಂದ್ರಗಳು 2012ರಿಂದಲೂ, ಹಳ್ಳಿಗಳಲ್ಲಿ ಗ್ರಾಮ ಒನ್ ಕೇಂದ್ರಗಳು 2022ರಿಂದಲೂ ನಡೆದುಬರುತ್ತಿರುವುದರಿಂದ ತಾಲ್ಲೂಕಿನ ಊರಿಗೆ ಬಸ್ಸು ಹತ್ತುವ ಕಷ್ಟವು ಎಷ್ಟೋ ತಪ್ಪಿದೆಯೆಂಬುದನ್ನು ಮಾತ್ರ ಧಾರಾಳವಾಗಿ ಒಪ್ಪುವೆವು.

ಮನೆಯೊಳಗಿನ ಪತ್ರಗಳಿಗೆ ಸರ್ಕಾರದವರು ಒದಗಿಸಿರುವ ಮೇಘದ ಪೆಟ್ಟಿಗೆಯೆಂದರೆ 2015ರ ಜುಲೈ 1ರಂದು ಆರಂಭವಾದ ಡಿಜಿಲಾಕರ್. ಇದರಲ್ಲಿ ಎರಡು ಬಗೆಯ ಪತ್ರಗಳಿರುವುವು. ಭೇದವನ್ನು ಚೆನ್ನಾಗಿ ತಿಳಿದಿರಬೇಕು. ಆಧಾರ್, ಚಾಲನಾ ಪರವಾನಗಿ, ಅಂಕಪಟ್ಟಿ ಮೊದಲಾದವನ್ನು ಕೊಟ್ಟ ಸಂಸ್ಥೆಯಿಂದಲೇ ನೇರವಾಗಿ ತರಿಸಿದರೆ, ಅವುಗಳಿಗೆ ಕಾನೂನಿನಲ್ಲಿ ಮೂಲಪತ್ರದ ಮಾನ್ಯತೆಯುಂಟು. ನಾವೇ ಚಿತ್ರ ತೆಗೆದು ಅದರಲ್ಲಿ ತುಂಬಿದ ಕಾಗದಕ್ಕೆ ಆ ಮಾನ್ಯತೆ ಇಲ್ಲ. ಅದು ಬರಿಯ ನಕಲು. ಕ್ರಯಪತ್ರ, ವಿಭಾಗಪತ್ರಗಳ ಚಿತ್ರವನ್ನು ಅಲ್ಲಿಟ್ಟೆವೆಂದು ಮೂಲವನ್ನು ಅಲಕ್ಷ್ಯ ಮಾಡುವುದು ಸರ್ವಥಾ ಕೂಡದು. ಮೂಲವು ಕಬ್ಬಿಣದ ಪೆಟ್ಟಿಗೆಯಲ್ಲಿಯೇ ಇರಲಿ, ನಕಲು ಮೇಘದಲ್ಲಿರಲಿ.

ಮದುವೆ ಮುಂಜಿಗಳ ಚಿತ್ರಗಳನ್ನು ಇಡುವ ಖಾಸಗಿ ಕಂಪನಿಗಳ ಉಗ್ರಾಣದ ನಿಯಮ ಬೇರೆ. ಗೂಗಲ್ ಕಂಪನಿಯು ಪತ್ರವ್ಯವಹಾರಕ್ಕೂ ಚಿತ್ರಗಳಿಗೂ ಸೇರಿ 15 ಗಿಗಾಬೈಟಿನಷ್ಟು ಸ್ಥಳವನ್ನು ಪುಕ್ಕಟೆಯಾಗಿ ಕೊಡುವುದು, ಮಿಕ್ಕರೆ ಬಾಡಿಗೆ. ಎರಡು ವರ್ಷ ಯಾರೂ ತೆರೆಯದೆ ಬಿಟ್ಟ ಖಾತೆಯನ್ನು ಅಳಿಸಿಹಾಕಬಹುದೆಂಬ ನಿಯಮವನ್ನು ಅದು 2023ರಲ್ಲಿ ಪ್ರಕಟಿಸಿತು. ಮನೆಯ ಹಿರಿಯರು ತೀರಿಕೊಂಡ ಮೇಲೆ ಅವರ ಮೊಬೈಲನ್ನು ಮೊಮ್ಮಕ್ಕಳ ಆಟಕ್ಕೆ ಕೊಟ್ಟು, ಅದರೊಳಗಿನ ಖಾತೆಯನ್ನು ಮರೆತರೆ, ಮೂರನೆಯ ವರ್ಷದಲ್ಲಿ ಅವರು ಕೂಡಿಸಿಟ್ಟ ಚಿತ್ರಗಳು ಇಲ್ಲವಾಗಬಹುದು. ಬ್ಯಾಂಕಿನ ಠೇವಣಿಗೆ ನಾಮಿನಿಯನ್ನು ಬರೆಯುವಂತೆ, ತನ್ನ ತರುವಾಯ ಈ ಖಾತೆಯು ಯಾರಿಗೆ ಸಲ್ಲಬೇಕೆಂಬುದನ್ನು ಬದುಕಿರುವಾಗಲೇ ಗೊತ್ತುಮಾಡಿಡುವ ಏರ್ಪಾಡೂ ಅದರಲ್ಲುಂಟು. ಇದನ್ನು ಮಾಡಿಸಿದ ಗೃಹಸ್ಥರು ನೂರಕ್ಕೆ ಒಬ್ಬರಿರುವರೋ ಇಲ್ಲವೋ.

ಗುಪ್ತಪದದ ವಿಷಯವಾಗಿ ಎಲ್ಲರೂ ಹೇಳುವುದನ್ನೇ ನಾವೂ ಹೇಳಿ ಬೇಸರಪಡಿಸಲಾರೆವು. ಆದರೆ ನಮ್ಮ ಊರುಗಳ ಜೆರಾಕ್ಸ್ ಅಂಗಡಿಗಳಲ್ಲಿ ನಡೆಯುವುದನ್ನು ನೋಡಿದರೆ ಒಂದು ಮಾತನ್ನು ಹೇಳದಿರುವುದೂ ತಪ್ಪಾದೀತು. ಅಂಗಡಿಯ ಯಂತ್ರದಲ್ಲಿ ನಮ್ಮ ಪೆಟ್ಟಿಗೆಯನ್ನು ತೆರೆಯಿಸಿ, ಬೇಕಾದ ಪತ್ರವನ್ನು ಅಚ್ಚು ಹಾಕಿಸಿಕೊಂಡು, ಬಾಗಿಲನ್ನು ತೆರೆದೇ ಬಿಟ್ಟು ಬರುವರು. ಆಧಾರಿನ ಚಿತ್ರವನ್ನು ಅಂಗಡಿಯವನ ವಾಟ್ಸ್ಯಾಪಿಗೆ ಕಳಿಸುವರು. ಅದು ಅವನ ಮೊಬೈಲಿನಲ್ಲಿ ಎಷ್ಟು ವರ್ಷ ಇರುವುದೆಂದು ಕೇಳುವವರಿಲ್ಲ. ಜೋಳದ ಚೀಲಕ್ಕೂ ಬರಹಕ್ಕೂ ಇರುವ ಭೇದವನ್ನು ಇಲ್ಲಿ ನೆನೆಯತಕ್ಕದ್ದು. ತಂದರೂ ಅಲ್ಲಿ ಉಳಿಯುವುದು ಬರಹದ ಸ್ವಭಾವ. ಅಂಗಡಿಯವನು ಎಷ್ಟೇ ಸಜ್ಜನನಾಗಿದ್ದರೂ ಅವನ ಯಂತ್ರವನ್ನು ದಿನಕ್ಕೆ ನೂರು ಜನ ಮುಟ್ಟುವರು. ಮೊಬೈಲಿಗೆ ಬರುವ ಓಟಿಪಿ ಸಂಖ್ಯೆಯನ್ನು ದೂರವಾಣಿಯಲ್ಲಿ ಯಾರಿಗೂ ಹೇಳಕೂಡದೆಂಬುದನ್ನು ಮನೆಯ ಹೆಂಗಸರೂ ಮುದುಕರೂ ಬಲ್ಲವರಾಗಿರಬೇಕು. ನಮ್ಮ ವಿವರಗಳನ್ನು ಇಟ್ಟುಕೊಂಡವರ ಹೊಣೆಯನ್ನು ಗೊತ್ತುಪಡಿಸುವ ಕಾಯಿದೆಯೊಂದು 2023ರಲ್ಲಿ ಬಂದಿದೆ ನಿಜ. ಕಳುವಾದ ಮೇಲೆ ಕಾಯಿದೆಯನ್ನು ಹುಡುಕುವುದಕ್ಕಿಂತ ಮೊದಲೇ ಬಾಗಿಲು ಹಾಕುವುದು ಲೇಸು.

ಈ ಲೇಖನವನ್ನು ಓದಿದವರು ಬಿಡುವಾದ ಒಂದು ಸಂಜೆ, ಮನೆಯಲ್ಲಿ ಮೊಬೈಲು ಬಲ್ಲ ಮಗನನ್ನೋ ಮಗಳನ್ನೋ ಕೂಡಿಸಿಕೊಂಡು, ಭೂಮಿ ಜಾಲತಾಣದಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರುಗಳನ್ನು ಕೊಟ್ಟು ತಮ್ಮ ಹೊಲದ ಪಹಣಿಯನ್ನು ತೆಗೆಯಿಸಿ ನೋಡಬಹುದು. ಸುಮ್ಮನೆ ನೋಡುವುದಕ್ಕೆ ಖರ್ಚಿಲ್ಲ. ಒಂಬತ್ತನೆಯ ಅಂಕಣದಲ್ಲಿ ಯಾರ ಹೆಸರಿದೆ, ತಂದೆಯ ಹೆಸರಿನ ಅಕ್ಷರಗಳು ಸರಿಯಾಗಿವೆಯೇ, ಹನ್ನೆರಡನೆಯದರಲ್ಲಿ ಈ ವರ್ಷದ ಬೆಳೆ ಏನೆಂದು ಬಂದಿದೆ ಎಂಬುದನ್ನು ಓದಿಸಬೇಕು. ಹನ್ನೊಂದನೆಯ ಅಂಕಣವನ್ನು ಹೆಚ್ಚಿನವರು ನೋಡುವುದೇ ಇಲ್ಲ. ಹೊಲದ ಮೇಲಿನ ಋಣಗಳು ನಮೂದಾಗುವುದು ಅಲ್ಲಿಯೇ. ಎಂದೋ ತೀರಿಸಿದ ಬೆಳೆಸಾಲವು ಅಲ್ಲಿ ಇನ್ನೂ ನಿಂತಿದ್ದರೆ, ಬ್ಯಾಂಕಿನಿಂದ ಸಾಲ ತೀರುವಳಿಯ ಪತ್ರವನ್ನು ಪಡೆದು, ಅದನ್ನು ತೆಗೆಯಿಸಲು ನಾಡಕಚೇರಿಯಲ್ಲಿ ಅರ್ಜಿ ಕೊಟ್ಟು, ಅರ್ಜಿಯ ಸಂಖ್ಯೆಯುಳ್ಳ ರಸೀದಿಯನ್ನು ಇಸಿದುಕೊಂಡು ಬರತಕ್ಕದ್ದು.